ಉಣ್ಣುವುದಕ್ಕೆ ಸೊನ್ನೆ

ಕೊರೊನಾ ಕಳೆದು ಶಾಲೆಗಳು ಮತ್ತೆ ಪೂರ್ತಿಯಾಗಿ ಬಾಗಿಲು ತೆರೆದ ವರ್ಷ ಅದು. ನಾನು ಆಗ ತಮಿಳುನಾಡಿನ ದಿಂಡಿಗಲ್‌ನಲ್ಲಿ ಒಂದು ಸಣ್ಣ ಸೇವಾ ಸಂಸ್ಥೆಯ ಪ್ರಾಜೆಕ್ಟ್ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದಾದರೂ ಕೆಲಸ ಒಂದೇ, ಅನುದಾನ ಹುಡುಕುವುದು. ಹಳ್ಳಿಯವರಿಗೆ ಏನು ಬೇಕೆಂದು ಕೇಳಿಕೊಂಡು ಬರಬೇಕು. ಯಾವ ಪ್ರತಿಷ್ಠಾನ, ಯಾವ ಕಂಪನಿ ಯಾವ ಕೆಲಸಕ್ಕೆ ಹಣ ಕೊಡುತ್ತದೆಂದು ನೋಡಬೇಕು. ಎರಡನ್ನೂ ಹೊಂದಿಸಿ ಪ್ರಪೋಸಲ್ ಬರೆಯಬೇಕು. ಹೊಂದದಿದ್ದರೆ ಹೊಂದುವ ಹಾಗೆ ಬರೆಯಬೇಕು. ಈ ಕೊನೆಯ ವಿದ್ಯೆಯಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಸುತ್ತಮುತ್ತಲಿನ ಸಂಸ್ಥೆಗಳವರು ತಮ್ಮ ಪ್ರಪೋಸಲ್ ವಾಪಸ್ ಬಂದರೆ "ಕೊಳ್ಳೇಗಾಲದ ಮೇಡಂಗೆ ಒಂದ್ಸಲ ತೋರಿಸಿ" ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಕೊಳ್ಳೇಗಾಲದ ಹತ್ತಿರದ ಹಳ್ಳಿ ನನ್ನ ತವರು. ಗಂಡನಿಗೆ ದಿಂಡಿಗಲ್‌ನ ನೂಲಿನ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಈ ಕಡೆ ಬಂದವಳು ಇಲ್ಲೇ ಉಳಿದೆ. ತಮಿಳನ್ನು ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತೆ, ಪ್ರಪೋಸಲ್ ಇಂಗ್ಲಿಷನ್ನು ಆಫೀಸಿನಲ್ಲಿ ಕಲಿತೆ. ಕನ್ನಡ ಉಳಿದದ್ದು ಮನೆಯೊಳಗೆ ಮತ್ತು ತಂಗಿಯ ಜೊತೆಗಿನ ಫೋನಿನಲ್ಲಿ. ಹಾಗಾಗಿ ಕಂಬಂ ಕಣಿವೆಯ ಹಳ್ಳಿಯೊಂದರಿಂದ ಬಂದ ಹೆಂಗಸು ನನ್ನ ಮೇಜಿನ ಮುಂದೆ ಕೂತು ಕನ್ನಡದಂಥ ಒಂದು ಕನ್ನಡದಲ್ಲಿ ಮಾತಾಡಿದಾಗ ನನಗೆ ಹಿಗ್ಗೋ ಹಿಗ್ಗು.

ಅವಳ ಹೆಸರು ಮುತ್ತುಲಕ್ಷ್ಮಿ. ಮಾರ್ಕಯನ್‌ಕೋಟ್ಟೈ ದಾಟಿದ ಮೇಲೆ ಸಿಗುವ ಊರು. ಹೆಂಗಸರ ಸ್ವಸಹಾಯ ಸಂಘದ ಮುಖ್ಯಸ್ಥೆ. ಅವರ ಮನೆತನಗಳೆಲ್ಲ ನೂರಾರು ವರ್ಷಗಳ ಹಿಂದೆ ಮೈಸೂರು ಸೀಮೆಯಿಂದ ಬಂದು ನೆಲೆ ನಿಂತ ಒಕ್ಕಲು ಕುಲದವು. ಕೆಲವರಿಗೆ ದ್ರಾಕ್ಷಿ ತೋಟವಿದೆ, ಕೆಲವರದು ವ್ಯಾಪಾರ. ಜಮೀನು ಕಡಿಮೆ ಇರುವ ಮನೆಯ ಹೆಂಗಸರು ಬೋಡಿಮೆಟ್ಟಿನ ಮೇಲಿನ ಏಲಕ್ಕಿ ತೋಟಗಳಿಗೆ ಜೀಪಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಜೀಪು ಹೊರಡುವುದು ಬೆಳಕು ಹರಿಯುವ ಮುಂಚೆ. ಗಂಡಸರು ಅಷ್ಟು ಹೊತ್ತಿಗೆ ನೀರು ಕಟ್ಟಲಿಕ್ಕೋ ಮಾರ್ಕೆಟ್ಟಿಗೋ ಹೋಗಿರುತ್ತಾರೆ. ಮಕ್ಕಳು ತಾವೇ ಎದ್ದು, ಇದ್ದದ್ದು ಬಾಯಿಗೆ ಹಾಕಿಕೊಂಡು ಶಾಲೆಗೆ ಹೋಗಬೇಕು. ಹೋದರೆ ಹೋದರು, ಇಲ್ಲದಿದ್ದರೆ ಇಲ್ಲ. ಹಿಂದಿನ ತಿಂಗಳು ಒಂದು ಹುಡುಗಿ ಒಲೆ ಹಚ್ಚಲು ಹೋಗಿ ಕೈ ಸುಟ್ಟುಕೊಂಡಿದ್ದಳು.

"ನಾವು ಜೀಪ್ ಏರಿ ಮಲೆಗೆ ಓಯ್ತೀವಿ. ಪುಳ್ಳೆಗ ಎದ್ದು ನೋಡೋ ನೇರಕ್ಕೆ ಅಮ್ಮ ಇರಾದಿಲ್ಲ" ಎಂದಳು ಮುತ್ತುಲಕ್ಷ್ಮಿ. ಪುಳ್ಳೆ ಅಂದರೆ ಮಗು, ನೇರ ಅಂದರೆ ಹೊತ್ತು, ಎರಡೂ ತಮಿಳಿನಿಂದ ಬಂದವು. "ತಲೆ ಬಾಚಿ, ಒಂದು ವಾಯಿ ಕೊಟ್ಟು, ಪಳ್ಳಿಕೂಡಕ್ಕೆ ಕಳಿಸಾಕೆ ಒಂದು ಜಾಗ ಬೇಕು, ಒಂದು ಆಳು ಬೇಕು. ಅಷ್ಟೇ ಅಕ್ಕ. ಬೇರೆ ಏನೂ ಬ್ಯಾಡ." ವಾಯಿ ಅಂದರೆ ತುತ್ತು, ಪಳ್ಳಿಕೂಡ ಅಂದರೆ ಶಾಲೆ.

ಊರಿಗೆ ಹೋದೆ. ಸಂಘದ ಕಟ್ಟಡದಲ್ಲಿ ಒಂದು ಕೋಣೆ ಖಾಲಿ ಇತ್ತು. ಅಡುಗೆಗೆ ಮುತ್ತುಲಕ್ಷ್ಮಿಯ ಅತ್ತೆ ಲಿಂಗಮ್ಮಾಳ್ ಒಪ್ಪಿದ್ದರು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು, ಬಾಯಿ ತುಂಬ ಮಾತು. ಎಲ್ಲರೂ ಹೊರಗೆ ದುಡಿಯುವ ಮನೆಯಲ್ಲಿ ಮೊಮ್ಮಗಳು ದರ್ಶಿನಿಯನ್ನು ಎತ್ತಿ ಆಡಿಸಿದ್ದೆಲ್ಲ ಇವರೇ. ಆ ಊರಿನಲ್ಲಿ ಅಜ್ಜಿಯನ್ನು ಮಕ್ಕಳು ಅವ್ವ ಎನ್ನುತ್ತಾರೆ. ಎರಡನೇ ಕ್ಲಾಸಿನ ದರ್ಶಿನಿ ಅವ್ವನ ಸೆರಗು ಹಿಡಿದು ನಿಂತು, ಅವ್ವ ಹೇಳಿದ್ದಕ್ಕೆಲ್ಲ ಅರ್ಧ ತಮಿಳಿನಲ್ಲಿ, ಅರ್ಧ ಅವರ ಮನೆಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಬಿಡುವು ಕೊಡದ ಹಾಗೆ ಮಾತಾಡುತ್ತಿದ್ದರು.

ಆ ಮಾತನ್ನು ಅವರು ಕನ್ನಡ ಎಂದು ಕರೆಯುತ್ತಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಮನೆಯಲ್ಲಿ ಅದರ ಹೆಸರು "ನಮ್ಮಾತು". ತಮಿಳು ಅಂದರೆ ತಮಿಳು, ಇದು ನಮ್ಮಾತು. ಲಿಂಗಮ್ಮಾಳ್ ನನ್ನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡು, "ನೀನು ಆ ಸೀಮೆಯವಳಾ ಮಗಳೆ? ಅಲ್ಲಿ ಎಲ್ಲಾರೂ ನಮ್ಮಾತೇ ಪೇಸ್ತಾರಂತಲ್ಲ, ಬಸ್ಸಲ್ಲಿ ಕೂಡಾ?" ಎಂದು ಕೇಳಿದರು. ಹೌದೆಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸೊಸೆಯತ್ತ ತಿರುಗಿ, "ತವರಿಂದ ಬಂದವಳು, ಉಣ್ಣದೆ ಕಳಿಸಬ್ಯಾಡ" ಎಂದರು. ಅನ್ನ, ಮೊಳಕೆ ಹುರುಳಿ ಸಾರು, ತೆಂಗಿನ ಚಟ್ನಿ. ಹೊಟ್ಟೆ ಬಿರಿಯುವಷ್ಟು ಉಂಡು ಬಸ್ಸು ಹತ್ತಿದೆ.

ಬಂದ ಮೇಲೆ ಹುಡುಕಾಟ ಶುರುವಾಯಿತು. ಇಲ್ಲಿ ಈ ಕಸುಬಿನ ಒಂದು ವಿಷಯ ಹೇಳಬೇಕು. ಅನುದಾನ ಕೊಡುವವರು ಪ್ರತಿಯೊಬ್ಬರೂ ಒಂದೊಂದು ಥೀಮ್ ಇಟ್ಟುಕೊಂಡಿರುತ್ತಾರೆ, ಅಂದರೆ ತಮಗೆ ಒಪ್ಪಿಗೆಯಾದ ವಿಷಯ. ಡಿಜಿಟಲ್ ಕಲಿಕೆ ಒಬ್ಬರದು, ಹೆಣ್ಣುಮಕ್ಕಳ ಕೌಶಲ ಇನ್ನೊಬ್ಬರದು, ನೀರು ಮತ್ತೊಬ್ಬರದು. ಬೆಳಗಿನ ಒಂದೆರಡು ಗಂಟೆ ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸುವುದು ಯಾರ ಥೀಮೂ ಆಗಿರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಉಪಾಹಾರ ಬಂದದ್ದು ಆಮೇಲೆ. ಅದೂ ಶಾಲೆ ತೆರೆಯುವ ಹೊತ್ತಿಗೆ, ಜೀಪು ಹೊರಡುವ ಹೊತ್ತಿಗಲ್ಲ. ನಾನು ಬರೆದ ಕಡೆಯಿಂದೆಲ್ಲ ಒಳ್ಳೆಯ ಮಾತುಗಳೇ ಬಂದವು, ಹಣ ಬರಲಿಲ್ಲ. ಮುತ್ತುಲಕ್ಷ್ಮಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅವಳ ನಂಬರ್ ಕಂಡರೆ ನನಗೆ ಫೋನ್ ಎತ್ತಲು ಸಂಕೋಚವಾಗತೊಡಗಿತು.

ಅಷ್ಟರಲ್ಲಿ ಬೆಂಗಳೂರಿನ ಒಂದು ಪ್ರತಿಷ್ಠಾನ, ಕರ್ನಾಟಕದ ಹೊರಗಿರುವ ಕನ್ನಡ ಮಕ್ಕಳಿಗೆ ತಾಯ್ನುಡಿ ಕಲಿಸುವ ಯೋಜನೆಗಳಿಗೆ ಅರ್ಜಿ ಕರೆಯಿತು. ಓದಿದ ಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಕೋಣೆ ಅದೇ, ಹೊತ್ತು ಅದೇ, ಅಡುಗೆ ಅದೇ. ಜೊತೆಗೆ ಒಂದಿಷ್ಟು ಕನ್ನಡ ಪಾಠ. ಮಕ್ಕಳಿಗೆ ಲಾಭವೇ ಹೊರತು ನಷ್ಟವೇನು? ಆದರೆ ಅರ್ಜಿಯಲ್ಲಿ ಕೊರತೆ ತೋರಿಸಬೇಕು. ಇಲ್ಲದ್ದನ್ನು ಕೊಡಲಿಕ್ಕೆ ಹಣ ಸಿಗುತ್ತದೆ, ಇರುವುದಕ್ಕೆ ಯಾರು ಕೊಡುತ್ತಾರೆ? ಅದಕ್ಕಾಗಿ ನಾನು ಬರೆದೆ: ಈ ಮಕ್ಕಳು ತಮ್ಮ ತಾಯ್ನುಡಿಯನ್ನು ಕಳೆದುಕೊಂಡಿದ್ದಾರೆ, ಕಲಿಸಲು ಮನೆಯಲ್ಲಿ ಬಲ್ಲವರೂ ಇಲ್ಲ. ಲಿಂಗಮ್ಮಾಳ್ ಬಡಿಸಿದ ಸಾರಿನ ರುಚಿ ನಾಲಗೆಯ ಮೇಲೆ ಇದ್ದಂತೆಯೇ ಬರೆದೆ. ವಾಕ್ಯ ಇಂಗ್ಲಿಷಿನಲ್ಲಿ ಚೆನ್ನಾಗಿ ಕೂತಿದೆ ಎಂದು ಖುಷಿಯೂ ಪಟ್ಟೆ.

ಅನುದಾನ ಸಿಕ್ಕಿತು. ಊರಿನವರು ಪಟಾಕಿ ಹೊಡೆದದ್ದೊಂದು ಬಾಕಿ. ಮೊದಲ ಕೆಲಸ ಬೇಸ್‌ಲೈನ್. ಯೋಜನೆ ಶುರುವಾಗುವ ಮುಂಚೆ ಮಕ್ಕಳಿಗೆ ಎಷ್ಟು ಗೊತ್ತಿದೆ ಎಂದು ಅಳೆದು ಇಟ್ಟುಕೊಳ್ಳುವುದು ಬೇಸ್‌ಲೈನ್. ವರ್ಷದ ಕೊನೆಗೆ ಮತ್ತೆ ಅಳೆದರೆ ಅದು ಎಂಡ್‌ಲೈನ್. ಎರಡರ ನಡುವಿನ ಅಂತರವೇ ಸಾಧನೆ. ಬೇಸ್‌ಲೈನ್ ಕೆಳಗಿದ್ದಷ್ಟೂ ಸಾಧನೆ ಎತ್ತರ ಕಾಣುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಬೆಂಗಳೂರಿನಿಂದ ಚಿತ್ರದ ಕಾರ್ಡುಗಳು ಬಂದವು, ಜೊತೆಗೆ ಸರಿ ಉತ್ತರಗಳ ಹಾಳೆ. ನಾನೇ ಹೋಗಿ ಕೂತೆ. ಲಿಂಗಮ್ಮಾಳ್ ಪಕ್ಕದಲ್ಲಿ ಸಣ್ಣ ಈರುಳ್ಳಿ ಸುಲಿಯುತ್ತ ಕೂತಿದ್ದರು. ದರ್ಶಿನಿಯ ಸರದಿ ಬಂತು. ಕಾರ್ಡಿನಲ್ಲಿ ಒಬ್ಬ ಹುಡುಗ ತಟ್ಟೆಯಲ್ಲಿ ಇಡ್ಲಿ ಇಟ್ಟುಕೊಂಡು ಕೂತಿದ್ದಾನೆ. ಏನು ಮಾಡುತ್ತಿದ್ದಾನೆ ಎಂದು ಕೇಳಿದೆ.

"ಉಣ್ತಾನೆ" ಎಂದಳು ದರ್ಶಿನಿ, ಇದನ್ನೂ ಕೇಳಬೇಕಾ ಎನ್ನುವ ಹಾಗೆ ನನ್ನ ಮುಖ ನೋಡಿ.

ಹಾಳೆಯಲ್ಲಿ ಇದ್ದದ್ದು "ತಿಂಡಿ ತಿನ್ನುತ್ತಿದ್ದಾನೆ". ನಾನು ಸೊನ್ನೆ ಹಾಕಿದೆ. ಹಾಲಿನ ಲೋಟ ತೋರಿಸಿದರೆ "ಆಲು" ಎಂದಳು. ಅದಕ್ಕೂ ಸೊನ್ನೆ. ನನ್ನ ತವರಿನಲ್ಲಿ ನಮ್ಮಮ್ಮ ಕೊನೆಯ ತನಕ ಆಲು ಎಂದೇ ಅಂದವರು, ಬೆಳಗ್ಗೆ ಎದ್ದವರನ್ನು "ಉಂಡ್ಯಾ" ಎಂದೇ ಕೇಳಿದವರು. ಆ ನೆನಪು ಬಂತು. ಬಂದರೂ ಪೆನ್ನು ನಿಲ್ಲಲಿಲ್ಲ.

ಲಿಂಗಮ್ಮಾಳ್ ಈರುಳ್ಳಿ ಬಿಟ್ಟು ನನ್ನ ಕೈ ನೋಡುತ್ತಿದ್ದರು. "ಕೂಸು ಸರಿಯಾಗೇ ಏಳ್ತಲ್ಲ ಮಗಳೆ, ಅದ್ಯಾಕೆ ಸೊನ್ನೆ?"

"ಇದು ಪುಸ್ತಕದ ಕನ್ನಡ ಅವ್ವ. ಅದು ಬೇರೆ."

"ಓ. ಪುಸ್ತಕದಲ್ಲಿ ಉಣ್ಣಾದೇ ಇಲ್ವಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಸೊನ್ನೆಯ ಆಸುಪಾಸಿನ ಅಂಕ ಬಂತು. ಮನೆಯಲ್ಲಿ ಕನ್ನಡ ಬಲ್ಲ ಹಿರಿಯರಿದ್ದಾರೆಯೇ ಎಂಬ ಪ್ರಶ್ನೆಗೆ, ಲಿಂಗಮ್ಮಾಳ್ ಎದುರಿಗೇ ಕೂತಿದ್ದಂತೆ, ಇಲ್ಲ ಎಂದು ಗುರುತು ಹಾಕಿದೆ.

ಕೇಂದ್ರ ಚೆನ್ನಾಗಿ ನಡೆಯಿತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜೀಪು ಹೊರಡುವ ಮುಂಚೆ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ತಂದು ಬಿಡುತ್ತಿದ್ದರು. ಚಾಪೆಯ ಮೇಲೆ ಇನ್ನೊಂದು ನಿದ್ದೆ, ಆಮೇಲೆ ಮುಖ ತೊಳೆಯುವುದು, ಜಡೆ, ಬಿಸಿ ಇಡ್ಲಿ ಅಥವಾ ಗಂಜಿ. ಶಾಲೆಗೆ ಚಕ್ಕರ್ ಹೊಡೆಯುವುದು ಕಡಿಮೆಯಾಯಿತು. ಮಲೆಯ ಮೇಲೆ ಏಲಕ್ಕಿ ಬಿಡಿಸುವಾಗ ಈಗ ಮನಸ್ಸು ಊರ ಕಡೆ ಓಡುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಪಾಠಕ್ಕೆ ಪ್ರತಿಷ್ಠಾನದವರು ಮಾಲಾ ಎಂಬ ಶಿಕ್ಷಕಿಯನ್ನು ಕಳಿಸಿದರು. ಮೈಸೂರಿನಲ್ಲಿ ತರಬೇತಿಯಾದ ಹುಡುಗಿ, ಚಿನ್ನಮನೂರಿನಲ್ಲಿ ಮನೆ ಮಾಡಿಕೊಂಡಿದ್ದಳು. ಮಕ್ಕಳ ಮೇಲೆ ಒಮ್ಮೆಯೂ ದನಿ ಎತ್ತಿದವಳಲ್ಲ. ಅವಳಿಗೆ ಹೇಳಿಕೊಟ್ಟ ವಿಧಾನ ಒಂದಿತ್ತು: ಮಗು ಬೇರೆ ರೂಪ ಹೇಳಿದರೆ ಬೈಯಬಾರದು, ಸರಿಯಾದ ರೂಪವನ್ನು ನಗುತ್ತ ಮತ್ತೆ ಹೇಳಬೇಕು.

ಮಕ್ಕಳು ಈ ವಿಧಾನವನ್ನು ಮೊದಲು ಕಲಿತರು, ಕನ್ನಡವನ್ನು ಆಮೇಲೆ ಕಲಿತರು. ನಗುತ್ತ ತಿದ್ದುವುದು ಅವರಿಗೆ ಒಳ್ಳೆಯ ಆಟವಾಯಿತು. ಆಟಕ್ಕೆ ಕೈಗೆ ಸಿಕ್ಕಿದವರು ಅಡುಗೆಯ ಅವ್ವ. "ಆಲು ಅಲ್ಲ ಅವ್ವ, ಹಾಲು." ಲಿಂಗಮ್ಮಾಳ್ ಮೊದಮೊದಲು ಜೊತೆಗೆ ನಗುತ್ತಿದ್ದರು. ಒಲೆ ಊದುವ ಹಾಗೆ ಉಸಿರು ಬಿಟ್ಟು "ಹ್‌ಆಲು" ಎನ್ನುತ್ತಿದ್ದರಂತೆ, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರಂತೆ. ಒಂದು ಬೆಳಗ್ಗೆ ಅವರು "ಉಣ್ಣಾಕೆ ಬನ್ನಿ" ಎಂದು ಕೂಗಿದಾಗ ಮಕ್ಕಳೆಲ್ಲ ಒಟ್ಟಿಗೆ "ತಿಂಡಿ ತಿನ್ನಲು ಬನ್ನಿ" ಎಂದು ತಿದ್ದಿದರು. ಮುಂದೆ ನಿಂತು ಹೇಳಿಸಿದವಳು ದರ್ಶಿನಿ. ಲಿಂಗಮ್ಮಾಳ್ ಸೌಟು ಕೆಳಗಿಟ್ಟು, "ತಿನ್ನಾದು ದನ. ನಿಮ್ಮನ್ನ ತಿನ್ನಾಕೆ ಕೂಗಾಕೆ ನನ್ನ ಬಾಯಲ್ಲಿ ಬರಾದಿಲ್ಲ" ಎಂದು ಗದರಿದರು. ತಮಿಳಿನಲ್ಲಿ ತೀನಿ ಅಂದರೆ ಹಸುವಿನ ಮೇವು. ಅವರ ಮಾತಿನಲ್ಲೂ ಹಾಗೆಯೇ. ಮಕ್ಕಳು ಅದಕ್ಕೂ ನಕ್ಕರು.

ಮಾಲಾ ಈ ಪ್ರಸಂಗವನ್ನು ಫೋನಿನಲ್ಲಿ ಹೇಳಿದಾಗ ನಾನೂ ನಕ್ಕೆ. ಆ ತಿಂಗಳು ಪ್ರತಿಷ್ಠಾನಕ್ಕೆ ತ್ರೈಮಾಸಿಕ ವರದಿ ಕಳಿಸಬೇಕಿತ್ತು. ಸಾಧನೆಗಳ ಅಂಕಣದಲ್ಲಿ ಒಂದು ಸಾಲು ಕಡಿಮೆ ಬಿದ್ದಿತ್ತು. "ಕಲಿಕೆಯ ಪರಿಣಾಮ ಕುಟುಂಬಗಳಿಗೂ ಹಬ್ಬುತ್ತಿದ್ದು, ಮಕ್ಕಳು ಮನೆಯ ಹಿರಿಯರ ಭಾಷೆಯನ್ನೂ ತಿದ್ದುತ್ತಿದ್ದಾರೆ" ಎಂದು ಬರೆದೆ. ಪ್ರತಿಷ್ಠಾನದವರು ಆ ಸಾಲನ್ನು ಮೆಚ್ಚಿ ತಮ್ಮ ವಾರ್ತಾಪತ್ರದಲ್ಲಿ ಹಾಕಿಕೊಂಡರು.

ಲಿಂಗಮ್ಮಾಳ್ ಅಂದಿನಿಂದ ಕೇಂದ್ರದಲ್ಲಿ ತಮಿಳು ಮಾತಾಡತೊಡಗಿದರು. ಯಾರ ಗಮನಕ್ಕೂ ಅದು ಬರಲಿಲ್ಲ, ಏಕೆಂದರೆ ಆ ಊರಿನಲ್ಲಿ ಎಲ್ಲರೂ ಎರಡೂ ಮಾತಾಡುವವರೇ. ಮಕ್ಕಳಿಗೆ ತಿದ್ದಲು ಏನೂ ಸಿಗದೆ ಆಟ ತಾನಾಗಿ ನಿಂತಿತು. ಒಮ್ಮೆ ಬೇರೆ ಏನೋ ವಿಷಯ ಮಾತಾಡುವಾಗ ಮುತ್ತುಲಕ್ಷ್ಮಿ, "ಅತ್ತೆ ಈಗೀಗ ಮನೇಲೂ ತಮಿಳೇ ಪೇಸ್ತಾರೆ ಅಕ್ಕ, ಏನಾಯ್ತೋ" ಎಂದಿದ್ದಳು. ನಾನು ಖರ್ಚಿನ ರಸೀದಿಗಳನ್ನು ಕೇಳುವ ಆತುರದಲ್ಲಿದ್ದೆ. ಹೂಂ ಎಂದು ಹೇಳಿ ಮಾತು ತಿರುಗಿಸಿದೆ.

ವರ್ಷದ ಕೊನೆಗೆ ಎಂಡ್‌ಲೈನ್ ನಡೆಯಿತು. ಮಕ್ಕಳು ಬಹಳ ಚೆನ್ನಾಗಿ ಉತ್ತರಿಸಿದರು. ಅಂತರ ಎಷ್ಟು ಚೆಂದ ಬಂತೆಂದರೆ ಪ್ರತಿಷ್ಠಾನದ ಅಧಿಕಾರಿಯೇ ಕ್ಯಾಮೆರಾದವರನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದರು. ಹೆಸರು ಶ್ರುತಿ, ಹಳ್ಳಿಯವರ ಜೊತೆ ನೆಲದ ಮೇಲೆ ಕೂತು ಮಾತಾಡುವಂಥ ಹುಡುಗಿ. ಕಲಿಕೆ ಮನೆಯ ಹಿರಿಯರಿಗೂ ಹಬ್ಬುತ್ತಿದೆ ಎಂಬ ನನ್ನ ಸಾಲನ್ನು ಓದಿದ್ದ ಅವರಿಗೆ ಒಂದು ಸಣ್ಣ ಚಿತ್ರ ಬೇಕಿತ್ತು: ಅಜ್ಜಿ ಮತ್ತು ಮೊಮ್ಮಗಳು ಕನ್ನಡದಲ್ಲಿ ಮಾತಾಡುವುದು. ನಾನೇ ಲಿಂಗಮ್ಮಾಳ್ ಮತ್ತು ದರ್ಶಿನಿಯ ಹೆಸರು ಸೂಚಿಸಿದ್ದೆ. ಅವರಿಬ್ಬರ ಹಾಗೆ ಬಾಯಿ ಬಿಡುವವರು ಊರಿನಲ್ಲಿ ಬೇರೆ ಇಲ್ಲ ಎಂದೂ ಹೇಳಿದ್ದೆ.

ಲಿಂಗಮ್ಮಾಳ್ ಅಂಚಿನ ಸೀರೆ ಉಟ್ಟು, ಮೂಗುತಿ ತಿಕ್ಕಿಕೊಂಡು ಬಂದು ಕೂತರು. ದರ್ಶಿನಿ ಪಕ್ಕದಲ್ಲಿ. ಶ್ರುತಿ ಕನ್ನಡದಲ್ಲಿ ಕೇಳಿದರು, "ಅಜ್ಜಿ, ನಿಮ್ಮ ಹೆಸರೇನು?" ಲಿಂಗಮ್ಮಾಳ್ ತಮಿಳಿನಲ್ಲಿ ಹೆಸರು ಹೇಳಿದರು. ಊರು ಯಾವುದು ಎಂದರೆ ತಮಿಳಿನಲ್ಲಿ ಊರು. ಮೊಮ್ಮಗಳಿಗೆ ಚಿಕ್ಕಂದಿನಲ್ಲಿ ಏನು ಕಥೆ ಹೇಳುತ್ತಿದ್ದಿರಿ ಎಂದರೆ, ಕಥೆಯೆಲ್ಲ ಈಗ ಮರೆತಿದೆ ಎಂದು ತಮಿಳಿನಲ್ಲಿ. ನಾನು ಕ್ಯಾಮೆರಾದ ಹಿಂದಿನಿಂದ "ಅವ್ವ, ನಮ್ಮಾತಿನಲ್ಲೇ ಹೇಳಿ" ಎಂದೆ. ಅವರು ನನ್ನತ್ತ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕ ಇರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ತಿಳಿಯದ ಮಗುವಿನ ಮುಖದಲ್ಲಿ ಇರುವಂಥದ್ದು ಇತ್ತು.

"ಎನಕ್ಕು ಕನ್ನಡಂ ತೆರಿಯಾದು ಮಾ" ಎಂದರು. "ಪಾಪಾವುಕ್ಕು ತೆರಿಯುಂ. ಅದುಕ್ಕಿಟ್ಟ ಕೇಳುಂಗ." ನನಗೆ ಕನ್ನಡ ಗೊತ್ತಿಲ್ಲಮ್ಮ, ಮಗುವಿಗೆ ಗೊತ್ತು, ಅವಳನ್ನು ಕೇಳಿ.

ಅವರ ಲೆಕ್ಕದಲ್ಲಿ ಅದು ಸುಳ್ಳಾಗಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ನಮ್ಮಾತು. ಕನ್ನಡ ಅಂದರೆ ಕಾರ್ಡಿನಲ್ಲಿ ಬಂದದ್ದು, ಮೇಷ್ಟ್ರಮ್ಮ ಹೇಳಿಕೊಡುವುದು, ತಮಗೆ ಇಲ್ಲ ಎಂದು ತವರಿನ ಮಗಳು ಎದುರಿಗೇ ಬರೆದುಕೊಂಡು ಹೋದದ್ದು. ಶ್ರುತಿ ಕ್ಯಾಮೆರಾ ನಿಲ್ಲಿಸಲು ಹೇಳಿ ನನ್ನ ಬಳಿ ಬಂದರು. "ಪರವಾಗಿಲ್ಲ ಮೇಡಂ, ಬೇರೆ ಥರ ಮಾಡೋಣ. ನೀವು ಪ್ರಪೋಸಲ್‌ನಲ್ಲಿ ಬರೆದದ್ದು ನೂರಕ್ಕೆ ನೂರು ನಿಜ. ಮನೆಯಲ್ಲಿ ಹಿರಿಯರಿಗೇ ಬರುವುದಿಲ್ಲ. ಆದರೂ ಮಕ್ಕಳು ಎಷ್ಟು ಮುದ್ದಾಗಿ ಮಾತಾಡ್ತಾರೆ" ಎಂದರು. ಹೊಗಳಿಕೆಯಾಗಿಯೇ ಹೇಳಿದ್ದು. ನಾನು ಸುಳ್ಳು ಬರೆದಿದ್ದೆ, ಒಂದು ವರ್ಷದಲ್ಲಿ ಅದನ್ನು ನಿಜ ಮಾಡಿ ತೋರಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಹೌದು" ಎಂದೆ. ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ನನಗೆ ಅಷ್ಟು ನಾಚಿಕೆಯಾದ ದಿನ ಇನ್ನೊಂದಿಲ್ಲ.

ಅವರೆಲ್ಲ ದರ್ಶಿನಿಯನ್ನು ದ್ರಾಕ್ಷಿ ಚಪ್ಪರದ ಕೆಳಗೆ ನಿಲ್ಲಿಸಿ ಪದ್ಯ ಹೇಳಿಸುತ್ತಿದ್ದಾಗ ನಾನು ಅಡುಗೆಮನೆಗೆ ಹೋದೆ. ಲಿಂಗಮ್ಮಾಳ್ ಒಳ್ಳೆಯ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತಿದ್ದರು. ನಮ್ಮಮ್ಮನ ಧಾಟಿಯಲ್ಲೇ, ಶಾಲೆಗೆ ಸೇರಿದ ಮೇಲೆ ನಾನು ಬಿಟ್ಟುಬಿಟ್ಟಿದ್ದ ಮಾತಿನಲ್ಲಿ, "ಅವ್ವ, ಉಂಡ್ಯಾ?" ಎಂದು ಕೇಳಿದೆ.

"ಸಾಪ್ಟೇನ್ ಮಾ" ಎಂದರು ತಮಿಳಿನಲ್ಲಿ. ಊಟ ಆಯಿತಮ್ಮ. ನಂತರ, "ನೀಂಗ ಸಾಪ್ಟೀಂಗಳಾ?" ಎಂದು ಕೇಳಿದರು. ಮಗಳೆ ಎಂದು ಏಕವಚನದಲ್ಲಿ ಕರೆಯುತ್ತಿದ್ದವರು ನನಗೆ ಬಹುವಚನ ಹಚ್ಚಿದ್ದರು. ತೊಳೆದ ಪಾತ್ರೆಗಳನ್ನು ಒರೆಸಿ ಕೊಟ್ಟೆ. ತಪ್ಪಾಯಿತು ಎಂದು ಯಾವ ಭಾಷೆಯಲ್ಲಿ ಹೇಳಬೇಕೆಂದು ಗೊತ್ತಾಗಲಿಲ್ಲ. ತಮಿಳಿನಲ್ಲಿ ಹೇಳಿದೆ. ಅವರು ಯಾತಕ್ಕೆ ಎಂಬಂತೆ ನೋಡಿ, ಇಷ್ಟು ಮಕ್ಕಳಿಗೆ ದಾರಿ ಮಾಡಿದ್ದೀರಿ, ಹಾಗೆಲ್ಲ ಅನ್ನಬಾರದು ಎಂದು ಸಮಾಧಾನ ಮಾಡಿದರು.

ಸಂಜೆ ಜೀಪು ಇಳಿದು ಬಂದ ಮುತ್ತುಲಕ್ಷ್ಮಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೆಂಗಳೂರಿನವರಿಗೂ ಹೇಳಿಬಿಡುತ್ತೇನೆ ಎಂದೆ. ಅವಳು ಕೇಳಿದ್ದು ಒಂದೇ.

"ಏಳಿದ್ರೆ ಕಾಸು ನಿಂತೋಯ್ತದಾ?"

"ನಿಲ್ಲಬಹುದು."

"ಆಗ ಏಳಬ್ಯಾಡಿ. ಪುಳ್ಳೆಗ ಮತ್ತೆ ಒಂಟಿಯಾಗಿ ಎದ್ದೇಳಾದು ನನಗೆ ಬ್ಯಾಡ." ಕೈಯಲ್ಲಿದ್ದ ಊಟದ ಡಬ್ಬಿಯನ್ನು ಜಗಲಿಯ ಮೇಲೆ ಇಟ್ಟು, ತಗ್ಗಿದ ದನಿಯಲ್ಲಿ ಮತ್ತೆ ಹೇಳಿದಳು. "ಅತ್ತೆ ನಿದ್ದೇಲಿ ಮಾತ್ರ ನಮ್ಮಾತು ಪೇಸ್ತಾರೆ ಅಕ್ಕ. ಆಗ ನಾನು ಎಬ್ಬಿಸಾದಿಲ್ಲ."

ನಾನು ಬೆಂಗಳೂರಿಗೆ ಏನೂ ಹೇಳಲಿಲ್ಲ. ಎರಡನೇ ವರ್ಷದ ಹಣವನ್ನೂ ತೆಗೆದುಕೊಂಡೆವು. ನನ್ನಿಂದ ಆದದ್ದು ಇಷ್ಟೇ: ಮಾಲಾಳನ್ನು ಕೂರಿಸಿಕೊಂಡು ನಗುತ್ತ ತಿದ್ದುವ ವಿಧಾನ ಬಿಡಲು ಹೇಳಿದೆ. ಅವಳು ವಿಷಯ ತಿಳಿದು ಅತ್ತಳು. ಲಿಂಗಮ್ಮಾಳ್ ಬಳಿ ಹೋಗಿ ನಮ್ಮಾತು ಕಲಿಸಿಕೊಡಿ ಎಂದು ತಾನೇ ಕೇಳಿದಳು. ಅವರು ನಗುತ್ತ, ತಮಾಷೆ ಮಾಡಬೇಡ ಟೀಚರ್ ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದರು. ಆ ವರ್ಷವಿಡೀ ನಾನು ಬೆಳಗಿನ ಆರೈಕೆಯನ್ನು ಬೆಳಗಿನ ಆರೈಕೆ ಎಂದೇ ಬರೆದು ಊರೂರಿಗೆ ಪ್ರಪೋಸಲ್ ಕಳಿಸಿದೆ. ಕೊನೆಗೆ ಮಕ್ಕಳ ಸುರಕ್ಷತೆಗೆ ಹಣ ಕೊಡುವ ಒಬ್ಬರು ಒಪ್ಪಿದರು. ಮೊತ್ತ ಕಡಿಮೆ, ಹೆಸರು ಸಪ್ಪೆ, ಚಿತ್ರ ತೆಗೆಯುವವರು ಯಾರೂ ಬರುವುದಿಲ್ಲ. ಆ ಒಪ್ಪಿಗೆ ಕೈಗೆ ಬಂದ ಮೇಲೆಯೇ ಬೆಂಗಳೂರಿಗೆ ನಮ್ಮ ಬೇಸ್‌ಲೈನ್ ತಪ್ಪಾಗಿತ್ತು ಎಂದು ತಿಳಿಸಿದೆ. ಧೈರ್ಯ ಬಂದದ್ದು ಆಗ, ಮುಂಚೆ ಅಲ್ಲ. ಅಂಕಿಗಳು ಉತ್ತಮ ಪ್ರಗತಿಯನ್ನೇ ತೋರಿಸಿವೆ, ಚಿಂತೆ ಬೇಡ ಎಂದು ವಿನಯದಿಂದ ಉತ್ತರ ಬಂತು.

ಅನುದಾನದ ಕೆಲಸ ಮಾಡುವ ಎಳೆಯರು ಈಗಲೂ ನನ್ನನ್ನು ಸಲಹೆ ಕೇಳುತ್ತಾರೆ. ಜನರಿಗೆ ಇಲ್ಲದ್ದನ್ನು ಎಷ್ಟು ಬೇಕಾದರೂ ಬರೆಯಿರಿ, ಅವರಲ್ಲಿ ಇರುವುದನ್ನು ಮಾತ್ರ ಇಲ್ಲ ಎಂದು ಬರೆಯಬೇಡಿ ಎನ್ನುತ್ತೇನೆ. ಬರೆದವರು ಮರೆತುಬಿಡುತ್ತೇವೆ. ಹಣ, ಪಾಠ, ಪರೀಕ್ಷೆ, ವರದಿ ಎಲ್ಲವೂ ಆ ಸಾಲಿನ ಹಿಂದೆಯೇ ಹೋಗುತ್ತವೆ. ಅವರು ತಲೆಯಾಡಿಸುತ್ತಾರೆ. ಅವರಿಗೂ ಗಡುವು ಇರುತ್ತದೆ, ಹಣ ಸಿಗದಿದ್ದರೆ ಬಾಗಿಲು ಮುಚ್ಚುವ ಕೇಂದ್ರಗಳಿರುತ್ತವೆ. ಅವರನ್ನು ದೂರುವ ಮುಖ ನನಗಿಲ್ಲ.

ನಿವೃತ್ತಳಾದ ಮೇಲೆ ಇತ್ತೀಚೆಗೆ ಆ ಊರಿಗೆ ಒಮ್ಮೆ ಹೋಗಿದ್ದೆ. ಕೊಳ್ಳೇಗಾಲದಿಂದ ಬಂದಿದ್ದ ನನ್ನ ತಂಗಿಯೂ ಜೊತೆಗಿದ್ದಳು. ತಮಿಳುನಾಡಿನ ಒಳಗೆ ನಮ್ಮವರು ಇದ್ದಾರೆ ಎಂದು ಕೇಳಿ ನೋಡುವ ಆಸೆಯಿಂದ ಬಂದವಳು. ಈ ಕಥೆ ಅವಳಿಗೆ ಗೊತ್ತಿರಲಿಲ್ಲ, ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಲಿಂಗಮ್ಮಾಳ್ ಮಂಡಿ ಹಿಡಿದುಕೊಂಡು ಎದ್ದು, ಕುರ್ಚಿ ತಂದು ಹಾಕಿ, ತಮಿಳಿನಲ್ಲಿ ಬನ್ನಿ ಕೂತುಕೊಳ್ಳಿ ಎಂದರು. ಉದ್ದವಾಗಿ ಬೆಳೆದಿದ್ದ ದರ್ಶಿನಿ ಒಳಗಿನಿಂದ ಓಡಿ ಬಂದಳು. ಪಾಠ ನಿಂತ ಮೇಲೆ ಆ ಊರಿನಲ್ಲಿ ಅವಳ ಕನ್ನಡ ಮಾತಾಡಲು ದೊಡ್ಡವರು ಯಾರೂ ಸಿಗುವುದಿಲ್ಲವಲ್ಲ, ತಂಗಿಯನ್ನು ಕಂಡು ಮುಖ ಅರಳಿತ್ತು. ಕೈ ಜೋಡಿಸಿ, ಒಂದು ಅಕ್ಷರ ತಪ್ಪದ ಹಾಗೆ ಹೇಳಿದಳು.

"ಇವರು ನನ್ನ ಅಜ್ಜಿ. ಇವರಿಗೆ ಕನ್ನಡ ಬರುವುದಿಲ್ಲ. ನೀವು ಏನಾದರೂ ಕೇಳುವುದಿದ್ದರೆ ನನಗೆ ಹೇಳಿ, ನಾನು ತಮಿಳಿನಲ್ಲಿ ಕೇಳುತ್ತೇನೆ."

ತಂಗಿಗೆ ಅದು ಬಹಳ ಮುದ್ದೆನಿಸಿತು. "ಎಷ್ಟು ಜಾಣೆ ನೀನು. ಅಜ್ಜಿಗೆ ಮಂಡಿ ನೋವು ಹೇಗಿದೆ ಅಂತ ಕೇಳು" ಎಂದಳು. ಲಿಂಗಮ್ಮಾಳ್ ನಮ್ಮಿಬ್ಬರ ಎದುರಿಗೇ, ಒಂದು ಮಾರು ದೂರದಲ್ಲಿ ಕೂತಿದ್ದರು. ಪ್ರಶ್ನೆ ಮುಗಿದಾಗ ಅವರ ಕೈ ತಾನಾಗಿ ಮಂಡಿಯ ಮೇಲೆ ಹೋಯಿತು. ಆದರೂ ಏನೂ ಹೇಳದೆ, ಮೊಮ್ಮಗಳು ತಮ್ಮ ಕಡೆ ತಿರುಗಿ ಅದನ್ನೆಲ್ಲ ತಮಿಳಿನಲ್ಲಿ ಹೇಳಿ ಮುಗಿಸುವ ತನಕ ಕಾದರು. ಆಮೇಲೆ ಉತ್ತರ ಕೊಟ್ಟರು. ನಾನು ತಲೆ ಎತ್ತಲಿಲ್ಲ.